ನಾಲ್ಕಾಣೆಯ ಲಕೋಟೆಯ ಲೆಕ್ಕ

ಕಳೆದ ವರ್ಷ ನಾನು ಒಂದು ಹಳೆಯ ಲಕೋಟೆಗಾಗಿ ಹರಾಜಿನಲ್ಲಿ ಸವಾಲು ಕೂಗಿ 80,000 ರೂಪಾಯಿಗಳಿಗೆ ಅದನ್ನು ಪಡೆದೆನು. 1855ರಲ್ಲಿ ಮದರಾಸಿನಿಂದ ಕಲಕತ್ತೆಗೆ ಹೋದ, ಕೆಂಪು ಚೌಕಟ್ಟಿನ ನಡುವೆ ನೀಲವರ್ಣದ ರಾಣಿಯ ಮುಖವಿರುವ 1854ರ ನಾಲ್ಕಾಣೆಯ ಸ್ಟಾಂಪನ್ನು ಧರಿಸಿದ, ಎರಡು ಊರುಗಳ ಠಸ್ಸೆಗಳೂ ಓದಲು ಬರುವಷ್ಟು ಸ್ಫುಟವಾಗಿರುವ ಲಕೋಟೆ ಅದು. ಅದೇ ಸ್ಟಾಂಪು, ಕಾಗದದಿಂದ ಬಿಡಿಸಿ ಎಂಟು ಮೂಲೆಗೆ ಕತ್ತರಿಸಿದ ಪ್ರತಿಯಾಗಿ, ಅದೇ ಹರಾಜಿನಲ್ಲಿ ನಾನು ತೆತ್ತ ಹಣದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆಗೆ ಹೋಯಿತು. ಮಿತವ್ಯಯವನ್ನು ಕುರಿತು ಇದೇ ಅಂಕಣದಲ್ಲಿ ಇಷ್ಟು ಬರೆದವನು ಅಗ್ಗದ್ದನ್ನು ಬಿಟ್ಟು ದುಬಾರಿಯದನ್ನೇಕೆ ಆರಿಸಿದನೆಂದು ಕೇಳುವ ಅಧಿಕಾರ ಓದುಗರಿಗುಂಟು.

1854ರ ಅಕ್ಟೋಬರ್ 1ರಂದು ಕಂಪನಿ ಸರ್ಕಾರವು ದೇಶಕ್ಕೆಲ್ಲ ಒಂದೇ ಅಂಚೆದರವನ್ನು ಜಾರಿಗೆ ತಂದಿತು. ದೂರವೆಷ್ಟೇ ಇರಲಿ, ಕಾಲು ತೊಲದ ಕಾಗದಕ್ಕೆ ಅರ್ಧ ಆಣೆ, ಅರ್ಧ ತೊಲಕ್ಕೆ ಒಂದಾಣೆ, ಒಂದು ತೊಲಕ್ಕೆ ಎರಡಾಣೆ. ಸ್ಟಾಂಪು ಹಚ್ಚದೆ ಹಾಕಿದರೆ ಪಡೆಯುವವನು ಎರಡರಷ್ಟು ತೆರಬೇಕಾಗಿತ್ತು. ಸ್ಟಾಂಪುಗಳನ್ನು ಕಲಕತ್ತೆಯ ಸರ್ವೇ ಕಚೇರಿಯಲ್ಲಿ ಕ್ಯಾಪ್ಟನ್ ಥುಯಿಲಿಯರ್ ಅವರ ಮೇಲ್ವಿಚಾರಣೆಯಲ್ಲಿ ಕಲ್ಲಚ್ಚಿನಿಂದ ಮುದ್ರಿಸಿದರು. ನಾಲ್ಕಾಣೆಯದನ್ನು ಮಾತ್ರ ಒಮ್ಮೆ ಚೌಕಟ್ಟಿಗಾಗಿ, ಇನ್ನೊಮ್ಮೆ ರಾಣಿಯ ತಲೆಗಾಗಿ, ಎರಡು ಸಲ ಅಚ್ಚಿಗೆ ಕೊಡಬೇಕಾಗಿತ್ತು. ಹಾಳೆಯನ್ನು ತಿರುವುಮುರುವಾಗಿ ಇಟ್ಟ ಪ್ರಮಾದದಿಂದಲೇ ತಲೆಕೆಳಗಾದ ರಾಣಿಯ ಆ ಪ್ರಸಿದ್ಧ ಪ್ರತಿಗಳು ಹುಟ್ಟಿದವು. ಹಾಳೆಗಳಲ್ಲಿ ರಂಧ್ರಗಳಿರಲಿಲ್ಲವಾದುದರಿಂದ ಅಂದಿನವರು ಕತ್ತರಿ ಹಿಡಿದರು. ಚಿತ್ರದ ಆಕಾರ ಅಷ್ಟಕೋನವಾದುದರಿಂದ ಆ ಅಂಚನ್ನೇ ಅನುಸರಿಸಿ ಕತ್ತರಿಸಿದರು. ನಾಲ್ಕೂ ಕಡೆ ಮಾರ್ಜಿನ್ ಉಳಿದ ಪ್ರತಿ ದುರ್ಲಭವಾದುದು ಹೀಗೆ. ಅದು ತನ್ನ ಲಕೋಟೆಯ ಮೇಲೆಯೇ ಉಳಿದು ಬಂದಿದ್ದರೆ ಇನ್ನೂ ದುರ್ಲಭ. ಬಿಡಿಸಿದ ಸ್ಟಾಂಪಿಗೆ ತಾನು ಎಲ್ಲಿಂದ ಎಲ್ಲಿಗೆ, ಯಾವ ತೂಕದ ಕಾಗದವನ್ನು ಹೊತ್ತು, ಎಷ್ಟು ದಿನಗಳಲ್ಲಿ ಮುಟ್ಟಿತೆಂದು ಹೇಳುವ ಶಕ್ತಿಯಿಲ್ಲ. ನನ್ನ ಲಕೋಟೆ ಇವೆಲ್ಲವನ್ನೂ ಹೇಳುತ್ತದೆ. ನಾನು ಬೆಲೆ ಕೊಟ್ಟದ್ದು ಆ ಸಾಕ್ಷ್ಯಕ್ಕೆ.

ಇನ್ನು ಲೆಕ್ಕಕ್ಕೆ ಬರೋಣ. ಸಂಗ್ರಾಹಕರು ಸಾಮಾನ್ಯವಾಗಿ ಇಲ್ಲಿಗೆ ಬರುವ ಮುನ್ನವೇ ಮಾತು ನಿಲ್ಲಿಸುತ್ತಾರೆ. ಹರಾಜು ನಿಂತದ್ದು 80,000ಕ್ಕೆ. ಕೊಳ್ಳುವವನ ಮೇಲಿನ ಕಮಿಷನ್ನು, ತೆರಿಗೆ, ವಿಮೆ ಸಹಿತವಾದ ಸಾಗಣೆ ಸೇರಿ ನನ್ನ ಕೈ ಬಿಟ್ಟದ್ದು 98,000. ತಜ್ಞರ ಸಮಿತಿಯ ಪ್ರಮಾಣಪತ್ರಕ್ಕೆ, ಹೋಗಿಬರುವ ಖರ್ಚೂ ಸೇರಿ, ಇನ್ನು 12,000. ಅಲ್ಲಿಗೆ ಅಸಲು 1,10,000 ಆಯಿತು. ಹತ್ತು ವರ್ಷಗಳ ತರುವಾಯ ಇದನ್ನು ಮಾರಲು ಕೊಟ್ಟೆನೆಂದು ಭಾವಿಸಿ. ಆಗ ಹರಾಜುದಾರರು ಮಾರುವವನ ಪಾಲಿನಿಂದ ಶೇ. 15ನ್ನು ಹಿಡಿದುಕೊಂಡರೆ, ನನ್ನ ಅಸಲು ನನಗೆ ಮರಳಬೇಕಾದರೆ ಸವಾಲು 1,29,400 ರೂಪಾಯಿಗಳ ವರೆಗೆ ಏರಬೇಕು. ಎಂದರೆ, ಪೇಟೆಯಲ್ಲಿ ಬೆಲೆ ಶೇ. 62ರಷ್ಟು ಹೆಚ್ಚಿದ ಮೇಲೂ ನನಗೆ ಒಂದು ಕಾಸು ಲಾಭವಿಲ್ಲ. ಅದೇ 1,10,000 ರೂಪಾಯಿ ಬ್ಯಾಂಕಿನ ಠೇವಣಿಯಲ್ಲಿ ಶೇ. 7ರ ಚಕ್ರಬಡ್ಡಿಗೆ ಕುಳಿತಿದ್ದರೆ ಹತ್ತು ವರ್ಷಕ್ಕೆ ಸುಮಾರು 2,16,400 ಆಗುತ್ತಿತ್ತು. ಅದಕ್ಕೆ ಸಮನಾಗಲು ಲಕೋಟೆಯ ಸವಾಲು 2,54,600ಕ್ಕೆ ನಿಲ್ಲಬೇಕು. 80,000 ಅಷ್ಟಾಗಬೇಕಾದರೆ ವರ್ಷಕ್ಕೆ ಶೇ. 12ಕ್ಕಿಂತ ಮಿಗಿಲಾಗಿ, ಒಂದು ವರ್ಷವೂ ತಪ್ಪದೆ, ಬೆಲೆ ಬೆಳೆಯುತ್ತ ಹೋಗಬೇಕು. ಶೇ. 7ಕ್ಕೂ ಶೇ. 12ಕ್ಕೂ ನಡುವಿನ ಈ ಅಂತರವು ಎರಡು ತುದಿಗಳಲ್ಲಿ ತೆತ್ತ ಕಮಿಷನ್ನು ಮತ್ತು ಖರ್ಚುಗಳದೇ ಹೊರತು ಬೇರೆ ಯಾವುದರದೂ ಅಲ್ಲ.

ಪ್ರಮಾಣಪತ್ರದ ವೆಚ್ಚವನ್ನು ಉಳಿಸಬಹುದಾಗಿತ್ತಲ್ಲವೇ ಎಂದು ಮಿತ್ರರೊಬ್ಬರು ಕೇಳಿದರು. ಉಳಿಸಬಾರದು. ಜೀನ್ ದ ಸ್ಪೆರಾತಿ ಎಂಬ ಕುಶಲಿಯು ಅಗ್ಗದ ನಿಜ ಸ್ಟಾಂಪಿನ ಚಿತ್ರವನ್ನು ರಾಸಾಯನಿಕಗಳಿಂದ ಅಳಿಸಿ, ನಿಜವಾದ ಕಾಗದ ಮತ್ತು ನಿಜವಾದ ಠಸ್ಸೆ ಉಳಿಯುವಂತೆ ನೋಡಿಕೊಂಡು, ಅದರ ಮೇಲೆ ದುಬಾರಿ ಸ್ಟಾಂಪಿನ ಚಿತ್ರವನ್ನು ಅಚ್ಚೊತ್ತುತ್ತಿದ್ದನು. ಇಂಥ ಕೈಚಳಕದ ಎದುರು ನನ್ನ ಭೂತಗನ್ನಡಿಗೆ ಯಾವ ಪ್ರಾಮಾಣ್ಯವೂ ಇಲ್ಲ.

ಲೋಕದ ಅತಿ ದುಬಾರಿ ಸ್ಟಾಂಪಿನ ಚರಿತ್ರೆಯೂ ನನ್ನ ಲೆಕ್ಕಕ್ಕೆ ಅನುಕೂಲವಾಗಿಯೇ ಇದೆ. 1856ರ ಬ್ರಿಟಿಷ್ ಗಯಾನದ ಒಂದು ಸೆಂಟಿನ ಆ ಏಕೈಕ ಪ್ರತಿ 1980ರಲ್ಲಿ 9,35,000 ಡಾಲರಿಗೆ, 2014ರಲ್ಲಿ ಸುಮಾರು 95 ಲಕ್ಷ ಡಾಲರಿಗೆ ಮಾರಾಟವಾಯಿತು. ಪತ್ರಿಕೆಗಳು ಹತ್ತು ಪಟ್ಟೆಂದು ಕೊಂಡಾಡಿದವು. ವರ್ಷದ ಲೆಕ್ಕಕ್ಕೆ ಇಳಿಸಿದರೆ ಅದು ಶೇ. 7. ಮತ್ತೆ 2021ರಲ್ಲಿ ಹರಾಜಿಗೆ ಬಂದಾಗ ಸುಮಾರು 83 ಲಕ್ಷ ಡಾಲರಿಗೆ ನಿಂತಿತು. ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲದ ವಸ್ತುವೇ ಏಳು ವರ್ಷಗಳಲ್ಲಿ ಶೇ. 12ರಷ್ಟು ಇಳಿಯಿತು. ಹಳೆಯದೆಂಬ ಒಂದೇ ಕಾರಣದಿಂದ ಯಾವುದೂ ವಿರಳವಾಗುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು: 1840ರ ಪೆನ್ನಿ ಬ್ಲ್ಯಾಕ್ ಪ್ರಪಂಚದ ಮೊದಲ ಅಂಟು ಸ್ಟಾಂಪಾದರೂ ಅಚ್ಚಾದದ್ದು 6 ಕೋಟಿ 80 ಲಕ್ಷಕ್ಕೂ ಹೆಚ್ಚು.

ಹೀಗಿರಲು, ಸ್ಟಾಂಪಿನಲ್ಲಿ ಹಣ ತೊಡಗಿಸಿರಿ, ಇಷ್ಟು ವರ್ಷಗಳ ಬಳಿಕ ಇಷ್ಟು ಬೆಲೆಗೆ ನಾವೇ ಮರಳಿ ಕೊಳ್ಳುತ್ತೇವೆ ಎಂದು ಬರೆದುಕೊಡುವವರನ್ನು ಕಂಡರೆ ನನಗೆ ಸಹನೆ ಉಳಿಯುವುದಿಲ್ಲ. ಸ್ಪೇನಿನಲ್ಲಿ ಆಫಿನ್ಸಾ ಮತ್ತು ಫೋರಂ ಫಿಲಾಟೆಲಿಕೊ ಎಂಬ ಎರಡು ಸಂಸ್ಥೆಗಳು ಈ ವಾಗ್ದಾನದ ಮೇಲೆಯೇ ಲಕ್ಷಾಂತರ ಸಾಮಾನ್ಯ ಕುಟುಂಬಗಳ ಉಳಿತಾಯವನ್ನು ಸೆಳೆದವು. ಹಳಬರಿಗೆ ಕೊಟ್ಟದ್ದು ಹೊಸಬರು ತಂದ ಹಣ. ಒತ್ತೆಯೆಂದು ತೋರಿಸಿದ ಸ್ಟಾಂಪುಗಳ ಬೆಲೆ ಹೇಳಿದ್ದರ ಅತ್ಯಲ್ಪ ಭಾಗ. 2006ರ ಮೇ ತಿಂಗಳಿನಲ್ಲಿ ಸರ್ಕಾರ ಎರಡನ್ನೂ ತಡೆಯಿತು, ಮುಂದೆ ಅವುಗಳ ಮುಖ್ಯಸ್ಥರಿಗೆ ಶಿಕ್ಷೆಯೂ ಆಯಿತು. ಬೆಲೆಯನ್ನು ನಿರ್ಣಯಿಸುವವನೂ ಮಾರುವವನೂ ಮರಳಿ ಕೊಳ್ಳುವವನೂ ಒಬ್ಬನೇ ಆಗಿರುವಲ್ಲಿ ಬೆಲೆಯೆಂಬುದೇ ಇರುವುದಿಲ್ಲ. ಅಂಥ ಕರಾರಿಗೆ ಸಹಿ ಮಾಡಬೇಡಿ. ಬಡ್ಡಿ ಎಷ್ಟೆಂದು ವಿಚಾರಿಸುವ ಗೋಜಿಗೂ ಹೋಗಬೇಡಿ.

ಲಕೋಟೆಗೆ ಕೊಡುವ ಹಣ ಖರ್ಚಿನ ಖಾತೆಯಿಂದ ಬರಬೇಕು. ಮಕ್ಕಳ ವಿದ್ಯಾಭ್ಯಾಸದ, ವೃದ್ಧಾಪ್ಯದ ಹಣವು ಅದರ ನೆರಳಿಗೂ ಬರಬಾರದು. ಕೊಂಡ ದಿನವೇ ರಸೀತಿ, ಹರಾಜು ಪಟ್ಟಿಯ ಪುಟ, ಪ್ರಮಾಣಪತ್ರ ಮೂರನ್ನೂ ಒಂದೆಡೆ ಇಟ್ಟು, ತೆತ್ತ ಪೂರ್ಣ ಮೊತ್ತವನ್ನು ಬರೆದಿಡಬೇಕು, ಮನೆಯವರಿಗೂ ತೋರಿಸಿರಬೇಕು. ಗಂಡ ಅಥವಾ ತಂದೆ ಕೂಡಿಟ್ಟದ್ದು ಏನೆಂದು ತಿಳಿಯದೆ ಆಲ್ಬಮ್ಮುಗಳನ್ನು ತೂಕಕ್ಕೆ ಮಾರಿದ ಮನೆಗಳನ್ನು ನಾನು ಬಲ್ಲೆನು. ಹಳೆಯ ಲಕೋಟೆಯನ್ನು ತೊಳೆಯಕೂಡದು, ಮಡಿಕೆಯನ್ನು ಇಸ್ತ್ರಿ ಮಾಡಕೂಡದು, ಹರಿದಲ್ಲಿ ಸೆಲ್ಲೋಟೇಪು ಹಚ್ಚಲೇಕೂಡದು. ಮಳೆಗಾಲದಲ್ಲಿ ಬೀರುವಿನ ತಳದಲ್ಲಿಡದೆ ಗಾಳಿಯಾಡುವ ಕಡೆ ನಿಲ್ಲಿಸಿಡಬೇಕು. ಅಗ್ಗದ ಪಿ.ವಿ.ಸಿ. ಹಾಳೆಗಳಲ್ಲಿ ಇಟ್ಟದ್ದು ಕಾಲಾಂತರದಲ್ಲಿ ಕೆಡುತ್ತದೆ. ಹರಾಜಿಗೆ ಹೋಗುವ ಮುನ್ನ ಗರಿಷ್ಠ ಸವಾಲನ್ನು ಕಮಿಷನ್ನು ಸೇರಿಸಿ ಬರೆದುಕೊಂಡು ಹೋಗುವುದು, ಆ ಅಂಕೆ ದಾಟಿದೊಡನೆ ಕೈ ಇಳಿಸುವುದು, ಇಷ್ಟನ್ನು ಅಭ್ಯಾಸ ಮಾಡಿಕೊಂಡವನಿಗೆ ಈ ಹವ್ಯಾಸದಿಂದ ಕೇಡಿಲ್ಲ.

ಮುಂದಿನ ವರ್ಷ ನಾಲ್ಕಾಣೆಯ ಕಡೆ ನೋಡುವ ಶಕ್ತಿ ನನ್ನ ಖರ್ಚಿನ ಖಾತೆಗಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾಗಿ 1889ರಲ್ಲಿ ಸಾಮ್ರಾಜ್ಯದ ಅಂಚೆಯಲ್ಲಿ ಲೀನವಾದ ಮೈಸೂರು ಅಂಚೆಯು ತನ್ನದೆಂದು ಒಂದು ಸ್ಟಾಂಪನ್ನೂ ಹೊರಡಿಸಲಿಲ್ಲವಾದ ಕಾರಣ, ವರ್ಣಮಯ ಸ್ಟಾಂಪನ್ನೇ ಅರಸುವವರು ಅದರ ಕಾಗದಗಳನ್ನು ಪಕ್ಕಕ್ಕೆ ಸರಿಸುತ್ತಾರೆ. ಮುದ್ರೆ ಸ್ಪಷ್ಟವಾಗಿರುವ, ಊರ ಹೆಸರು ಓದಲು ಬರುವ ಒಂದೆರಡನ್ನು ಕೊಳ್ಳುವ ಮನಸ್ಸಿದೆ. ಅದಕ್ಕೆಂದು 15,000 ರೂಪಾಯಿಗಳನ್ನು, ಕಮಿಷನ್ನೂ ತೆರಿಗೆಯೂ ಒಳಗೊಂಡಂತೆ, ಬೇರೆ ತೆಗೆದಿಟ್ಟಿದ್ದೇನೆ.