ಎರೆಮಣ್ಣಿನ ಮೇಲೆ ಮನೆ: ಪಾಯದ ಕೆಳಗಿನ ನೆಲವನ್ನು ಗಣಿಸುವ ಬಗೆ

ಮನೆಯ ಭಾರವನ್ನು ಗೋಡೆಗಳು ಹೊರುತ್ತವೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ವಾಸ್ತವದಲ್ಲಿ ಗೋಡೆಗಳು ಆ ಭಾರವನ್ನು ಪಾಯಕ್ಕೆ ದಾಟಿಸುತ್ತವೆ, ಪಾಯವು ನೆಲಕ್ಕೆ ದಾಟಿಸುತ್ತದೆ. ಕಟ್ಟಕಡೆಗೆ ಹೊರುವುದು ಭೂಮಿಯೇ. ಆದುದರಿಂದ ಕಂಬ ತೊಲೆಗಳ ಬಲವನ್ನು ಲೆಕ್ಕ ಹಾಕುವಷ್ಟೇ ಎಚ್ಚರದಿಂದ ಅವುಗಳ ಕೆಳಗಿನ ಮಣ್ಣಿನ ವರ್ತನೆಯನ್ನೂ ಲೆಕ್ಕ ಹಾಕಬೇಕಾಗುತ್ತದೆ. ಈ ಕೆಲಸವನ್ನು ಈಗ ಗಣಕಯಂತ್ರಗಳು ಮಾಡಿಕೊಡುತ್ತವೆ. ಅವು ಅದನ್ನು ಹೇಗೆ ಮಾಡುತ್ತವೆ, ಯಾವಾಗ ಅವುಗಳ ಉತ್ತರವನ್ನು ನಂಬಬಹುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಎರೆಭೂಮಿಯ ಸ್ವಭಾವ

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆ ಈ ವಿಚಾರಕ್ಕೆ ಉತ್ತಮ ಪ್ರಯೋಗಶಾಲೆ. ಕಲ್ಲೂರಿನ ಹೆಸರಿನಲ್ಲಿ ಕಲ್ಲು ಇದೆ. ಆದರೆ ಕಲ್ಲೂರು, ಮಾನ್ವಿ, ದೇವದುರ್ಗಗಳ ಸೀಮೆಯಲ್ಲಿ ಗಟ್ಟಿ ಬಂಡೆಯ ಗುಡ್ಡಗಳ ಮಗ್ಗುಲಲ್ಲಿಯೇ ಎರೆಹೊಲಗಳೂ ಹರಡಿವೆ. ಬೇಸಗೆಯಲ್ಲಿ ಈ ಹೊಲಗಳು ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತವೆ. ಮಳೆ ಬಿದ್ದೊಡನೆ ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಹೋಗುತ್ತವೆ. ಹೀಗೆ ಹಿಡಿದಿಟ್ಟ ತೇವದಿಂದಲೇ ಹಿಂಗಾರಿ ಜೋಳ ಬೆಳೆಯುತ್ತದೆ. ಆದರೆ ಜೋಳಕ್ಕೆ ಉಪಕಾರಿಯಾದ ಈ ಗುಣವೇ ಮನೆಗೆ ಅಪಕಾರಿ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಏರುವ ಬಿರುಕುಗಳು ಎರೆಭೂಮಿಯ ಊರುಗಳಲ್ಲಿ ಪರಿಚಿತವಾದುವೇ.

ಇದಕ್ಕೆ ಕಾರಣ ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಅದರ ಕಣಗಳು ಸುಮಾರು 1 ನ್ಯಾನೊಮೀಟರು ದಪ್ಪದ ಹಾಳೆಗಳ ಕಟ್ಟುಗಳು. ಒಂದು ಗ್ರಾಂ ಖನಿಜದಲ್ಲಿರುವ ಎಲ್ಲ ಹಾಳೆಗಳನ್ನೂ ಬಿಡಿಸಿ ಹರಡಿದರೆ ಮೇಲ್ಮೈ ಸುಮಾರು 800 ಚದರ ಮೀಟರು ಆಗುತ್ತದೆ. ನೀರು ಹಾಳೆಗಳ ನಡುವೆ ನುಗ್ಗಿ ಅವುಗಳನ್ನು ದೂರ ಸರಿಸುತ್ತದೆ. ನೀರು ಹೋದೊಡನೆ ಅವು ಮತ್ತೆ ಹತ್ತಿರವಾಗುತ್ತವೆ. ನೆಲದ ಉಸಿರಾಟವೆಂದರೆ ಇದೇ.

ನೆಲವನ್ನು ತುಂಡರಿಸುವುದು

ಭಾರವು ನೆಲದೊಳಗೆ ಹೇಗೆ ಹರಡುತ್ತದೆಂಬ ಪ್ರಶ್ನೆಗೆ ಫ್ರಾನ್ಸಿನ ಬುಸಿನೆಸ್ಕ್ 1885ರಲ್ಲಿ ಉತ್ತರ ಕೊಟ್ಟನು. ನೆಲದ ಮೇಲೆ ಒಂದು ಬಿಂದುವಿನಲ್ಲಿ ಭಾರವಿಟ್ಟರೆ, ನೇರ ಕೆಳಗಿನ ಒತ್ತಡ ಆಳದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಅಂದರೆ 1 ಮೀಟರು ಆಳದಲ್ಲಿರುವುದರ ಕಾಲು ಭಾಗ ಮಾತ್ರ 2 ಮೀಟರು ಆಳದಲ್ಲಿರುತ್ತದೆ. ಆದರೆ ಅವನ ನೆಲ ಎಲ್ಲೆಡೆಯೂ ಒಂದೇ ಬಗೆಯದು, ಅಪಾರ ಆಳದ್ದು, ಹುಕ್ಕನ ನಿಯಮಕ್ಕೆ ಚಾಚೂ ತಪ್ಪದೆ ನಡೆಯುವಂಥದು. ನಮ್ಮ ನೆಲ ಹಾಗಿಲ್ಲ. ಮೇಲೆ ಎರೆ, ಅದರ ಕೆಳಗೆ ಗರಸು, ಅದಕ್ಕೂ ಕೆಳಗೆ ಬಂಡೆ. ಇಂಥಲ್ಲಿ ಒಂದೇ ಸೂತ್ರ ಸಾಲದು.

ಇಡಿಯಾಗಿ ಬಿಡಿಸಲಾಗದ ಗಂಟನ್ನು ಬಿಡಿಬಿಡಿಯಾಗಿ ಬಿಡಿಸುವುದು ಜಾಣತನ. ನೆಲವನ್ನು ಚಿಕ್ಕ ತುಂಡುಗಳನ್ನಾಗಿ ಭಾವಿಸಿ, ಪ್ರತಿಯೊಂದು ತುಂಡಿಗೂ ಅದರದೇ ಗುಣವನ್ನು ಕೊಟ್ಟು, ತುಂಡುಗಳು ಕೂಡುವ ಸಂಧಿಗಳಲ್ಲಿ ಬಲಗಳು ಸಮತೋಲವಾಗಿರಬೇಕೆಂದು ಸಮೀಕರಣಗಳನ್ನು ಬರೆಯುವುದೇ ಫೈನೈಟ್ ಎಲಿಮೆಂಟ್ ಅಥವಾ ಪರಿಮಿತ ಘಟಕ ವಿಧಾನ. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬುವರು ವಿಮಾನದ ರಚನೆಗಳ ಬಿಗಿತವನ್ನು ಲೆಕ್ಕ ಹಾಕಲು ತ್ರಿಕೋನ ಘಟಕಗಳನ್ನು ಬಳಸಿದರು. 1960ರಲ್ಲಿ ಕ್ಲಫ್ ಈ ವಿಧಾನಕ್ಕೆ ಈಗಿನ ಹೆಸರಿಟ್ಟನು. 1967ರಲ್ಲಿ ವುಡ್‌ವರ್ಡ್‌ನೊಡನೆ ಅದನ್ನು ಮಣ್ಣಿನ ಏರಿಗಳಿಗೆ ಅನ್ವಯಿಸಿದನು. ಹೀಗೆ ಆಕಾಶಕ್ಕಾಗಿ ಬೆಳೆದ ಗಣಿತ ನೆಲಕ್ಕಿಳಿಯಿತು.

ಕಾಗದದ ಮೇಲೆ ಒಂದು ಲೆಕ್ಕ

ವಿದ್ಯಾರ್ಥಿಗಳು ಕಾಗದ ಪೆನ್ಸಿಲುಗಳಿಂದಲೇ ಮಾಡಬಹುದಾದ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಇದರ ಅಂಕಿಗಳನ್ನು ವಿವರಣೆಗಾಗಿ ಊಹಿಸಿಕೊಂಡಿದೆ. ಮನೆಯ ಹೊರಗೋಡೆಯ ಕೆಳಗೆ 1 ಮೀಟರು ಚೌಕದ ಪಾಯದ ಹಾಸು. ಅದರ ಮೇಲೆ 100 ಕಿಲೋನ್ಯೂಟನ್ ಭಾರ, ಎಂದರೆ ಸುಮಾರು 10 ಟನ್ ತೂಕ. ಅದರ ಕೆಳಗೆ 3 ಮೀಟರು ಎರೆಮಣ್ಣು, ಆಮೇಲೆ ಜಗ್ಗದ ಗರಸು. ಎರೆಯನ್ನು ತಲಾ 1 ಮೀಟರಿನ ಮೂರು ಘಟಕಗಳಾಗಿ ವಿಭಾಗಿಸೋಣ. ಆಳಕ್ಕೆ ಹೋದಂತೆ ಭಾರವು ಅಗಲವಾಗಿ ಹರಡುತ್ತದೆ. ಪ್ರತಿ 1 ಮೀಟರು ಆಳಕ್ಕೆ ಹರಡಿನ ಅಗಲ 1 ಮೀಟರು ಹೆಚ್ಚುತ್ತದೆಂದು ಭಾವಿಸಿದರೆ, ಘಟಕಗಳ ನಡುಮಟ್ಟದಲ್ಲಿ ಒತ್ತಡಗಳು ಕ್ರಮವಾಗಿ 44.4, 16 ಮತ್ತು 8.2 ಕಿಲೋಪ್ಯಾಸ್ಕಲ್ ಆಗುತ್ತವೆ. ಮಣ್ಣಿನ ಯಂಗ್ ಗುಣಾಂಕ 10,000 ಕಿಲೋಪ್ಯಾಸ್ಕಲ್ ಆದರೆ ಘಟಕಗಳು 4.4, 1.6 ಮತ್ತು 0.8 ಮಿಲಿಮೀಟರು ಕುಗ್ಗುತ್ತವೆ. ಒಟ್ಟು ಕುಸಿತ ಸುಮಾರು 7 ಮಿಲಿಮೀಟರು. ಇದು ಅಲ್ಪವೇ, ಮನೆ ಕ್ಷೇಮವೆಂದು ತೋರುತ್ತದೆ.

ಆದರೆ ಈ ಲೆಕ್ಕದಲ್ಲಿ ನೀರೇ ಇಲ್ಲ. ಮಳೆಗಾಲದ ತೇವದಿಂದ, ಭಾರವಿಲ್ಲದ ಕಡೆ, ಮೇಲಿನ ಘಟಕ ನೂರಕ್ಕೆ 2ರಷ್ಟು, ನಡುವಿನದು ನೂರಕ್ಕೆ 1ರಷ್ಟು ಉಬ್ಬುತ್ತದೆ, ಕೆಳಗಿನದಕ್ಕೆ ತೇವ ತಲುಪುವುದಿಲ್ಲ ಎಂದಿಟ್ಟುಕೊಳ್ಳಿ. ಬರಿಯ ನೆಲ 20 ಮತ್ತು 10, ಒಟ್ಟು 30 ಮಿಲಿಮೀಟರು ಏರುತ್ತದೆ. ಪಾಯದ ಕೆಳಗೆ ಭಾರವು ಉಬ್ಬನ್ನು ಸ್ವಲ್ಪ ಅದುಮುತ್ತದೆ. ಉಬ್ಬನ್ನು ಪೂರ್ತಿ ತಡೆಯಲು 100 ಕಿಲೋಪ್ಯಾಸ್ಕಲ್ ಒತ್ತಡ ಬೇಕೆಂದೂ, ಅದಕ್ಕಿಂತ ಕಡಿಮೆ ಒತ್ತಡ ಅದೇ ಪ್ರಮಾಣದಲ್ಲಿ ತಡೆಯುತ್ತದೆಂದೂ ಸರಳವಾಗಿ ಭಾವಿಸಿದರೆ, ಮೇಲಿನ ಘಟಕದ ಉಬ್ಬು 11.1, ನಡುವಿನದರ ಉಬ್ಬು 8.4 ಮಿಲಿಮೀಟರು, ಕೂಡಿದರೆ 19.5. ಕಟ್ಟುವಾಗ ಒಮ್ಮೆ 7 ಮಿಲಿಮೀಟರು ಕುಸಿದ ಪಾಯ, ತರುವಾಯ ವರ್ಷವರ್ಷವೂ ಸುಮಾರು 20 ಮಿಲಿಮೀಟರು ಏರಿಳಿಯತೊಡಗುತ್ತದೆ!

ಮನೆಯ ಒಳಗೋಡೆಯ ಕೆಳಗೆ ಮಳೆಯೂ ಬೀಳದು, ಬಿಸಿಲೂ ತಾಗದು. ಅಲ್ಲಿನ ತೇವ ಹೆಚ್ಚು ಬದಲಾಗುವುದಿಲ್ಲ. 4 ಮೀಟರು ಅಂತರದಲ್ಲಿ ಹೊರಗೋಡೆ 19.5 ಮಿಲಿಮೀಟರು ಏರಿ ಒಳಗೋಡೆ ಅಲ್ಲಿಯೇ ನಿಂತರೆ, ಓರೆ ಸುಮಾರು 205ರಲ್ಲಿ 1 ಭಾಗ. ಸ್ಕೆಂಪ್ಟನ್ ಮತ್ತು ಮ್ಯಾಕ್‌ಡೊನಾಲ್ಡ್ 1956ರಲ್ಲಿ ಅನೇಕ ಕಟ್ಟಡಗಳನ್ನು ಪರಿಶೀಲಿಸಿ, ಓರೆಯು 300ರಲ್ಲಿ 1 ಭಾಗವನ್ನು ಮೀರಿದರೆ ಗೋಡೆಗಳು ಬಿರಿಯಬಹುದೆಂದು ತೋರಿಸಿದರು. ನಮ್ಮ ಮನೆ ಆ ಎಲ್ಲೆಯನ್ನು ದಾಟಿದೆ. ಇಲ್ಲಿ ಗಮನಿಸತಕ್ಕ ಸೋಜಿಗವೆಂದರೆ, ಎರೆಭೂಮಿಯಲ್ಲಿ ಭಾರವಾದ ಕಟ್ಟಡಕ್ಕಿಂತ ಹಗುರವಾದ ಒಂದಂತಸ್ತಿನ ಮನೆಗೇ ಉಬ್ಬಿನ ಭಯ ಹೆಚ್ಚು. ಬಡವನ ಮನೆಗೆ ನೆಲವನ್ನು ಅದುಮುವ ತೂಕವಿಲ್ಲ.

ಯಂತ್ರ ಬಲ್ಲದ್ದು, ಬಲ್ಲದಿದ್ದದ್ದು

ಗಣಕಯಂತ್ರವು ಇದೇ ಲೆಕ್ಕವನ್ನು ಮೂರರ ಬದಲು ಸಾವಿರಾರು ಘಟಕಗಳಿಗೆ ಮಾಡುತ್ತದೆ. ಸಮತಲದಲ್ಲಿ ಪ್ರತಿ ಸಂಧಿಗೂ ಅಡ್ಡ ಚಲನೆ, ಉದ್ದ ಚಲನೆ ಎಂದು ಎರಡು ಅಜ್ಞಾತಗಳು. ಸಾವಿರ ಸಂಧಿಗಳಾದರೆ ಸುಮಾರು ಎರಡು ಸಾವಿರ ಸಮೀಕರಣಗಳು. ಒತ್ತಡ ಬದಲಾದರೆ ಉಬ್ಬು ಬದಲಾಗುತ್ತದೆ, ಉಬ್ಬು ಬದಲಾದರೆ ಒತ್ತಡ ಬದಲಾಗುತ್ತದೆ. ಆದುದರಿಂದ ಎರಡೂ ಹೊಂದುವವರೆಗೆ ಯಂತ್ರ ಮತ್ತೆ ಮತ್ತೆ ಗಣಿಸುತ್ತದೆ. ಇಂದು ಬಹುವಾಗಿ ಬಳಕೆಯಲ್ಲಿರುವ ಪ್ಲ್ಯಾಕ್ಸಿಸ್ ತಂತ್ರಾಂಶದ ರಚನೆ ಹಾಲೆಂಡಿನ ಡೆಲ್ಫ್ಟ್‌ನಲ್ಲಿ 1987ರಲ್ಲಿ ಮೊದಲಾಯಿತು. ಮೆದುಮಣ್ಣಿನ ಮೇಲಿನ ನದಿಯ ಏರಿಗಳನ್ನು ಪರೀಕ್ಷಿಸುವುದು ಅದರ ಮೊದಲ ಉದ್ದೇಶ.

ಇಷ್ಟು ಬಲವಿದ್ದರೂ ಯಂತ್ರಕ್ಕೆ ಮಣ್ಣು ತಿಳಿಯದು. ನಾವು ಕೊಟ್ಟ ನಿಯಮವೇ ಅದಕ್ಕೆ ಮಣ್ಣು. ನೀರಿಲ್ಲದ ಹುಕ್ಕನ ನಿಯಮವನ್ನು ಕೊಟ್ಟರೆ ಹತ್ತು ಸಾವಿರ ಘಟಕಗಳಿಂದಲೂ ಕುಸಿತವೊಂದೇ ಹೊರಬರುತ್ತದೆ, ಉಬ್ಬು ಎಂದಿಗೂ ಹೊರಬಾರದು. ಅರೆತೇವದ ಮಣ್ಣಿಗೆ ಹೊಂದುವ ನಿಯಮವೊಂದನ್ನು ಸ್ಪೇನಿನ ಅಲೋನ್ಸೊ, ಜೆನ್ಸ್, ಹೋಸಾ ಎಂಬುವರು 1990ರಲ್ಲಿ ರೂಪಿಸಿದರು. ಅದರಲ್ಲಿ ಒತ್ತಡದ ಜೊತೆಗೆ ಒಣಮಣ್ಣು ನೀರನ್ನು ಹೀರುವ ಸೆಳೆತವೂ ಸೇರಿದೆ.

ನಿಯಮದಷ್ಟೇ ಮುಖ್ಯವಾದುದು ಅಂಚಿನ ಸ್ಥಿತಿ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯ ಕಡೆಗೂ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ನೀರು ತಂದಿವೆ. ಮಳೆಯನ್ನೇ ನಂಬಿದ ನೆಲದ ತೇವದ ಲೆಕ್ಕ ಬೇರೆ, ನೀರಾವರಿಯ ಗದ್ದೆಯ ಪಕ್ಕದ ನೆಲದ ಲೆಕ್ಕ ಬೇರೆ. ಆದುದರಿಂದ ತಂತ್ರಾಂಶವನ್ನು ತೆರೆಯುವ ಮೊದಲು ನೆಲವನ್ನು ತೋಡಿ, ಮಣ್ಣಿನ ಮಾದರಿ ತೆಗೆದು, ಬೇಸಗೆಯಲ್ಲೂ ಮಳೆಗಾಲದಲ್ಲೂ ತೇವವನ್ನು ಅಳೆಯಬೇಕು.

ಪರಿಹಾರದ ದಾರಿ

ನಮ್ಮ ಲೆಕ್ಕವೇ ಪರಿಹಾರವನ್ನೂ ಸೂಚಿಸುತ್ತದೆ. ಮೂರನೆಯ ಘಟಕದಲ್ಲಿ ಉಬ್ಬು ಸೊನ್ನೆಯಷ್ಟೆ? ಹಾಗಾದರೆ ಭಾರವನ್ನು ಅಲ್ಲಿಗೇ ಇಳಿಸಿದರಾಯಿತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆಭೂಮಿಗಾಗಿ ಬೆಳೆಸಿದ ಬುಡ ಅಗಲಿಸಿದ ಗೂಟದ ಪಾಯ ಈ ತತ್ತ್ವವನ್ನೇ ಅನುಸರಿಸುತ್ತದೆ. ತೇವ ಬದಲಾಗದ ಆಳಕ್ಕೆ, ಸಾಮಾನ್ಯವಾಗಿ ಸುಮಾರು 3.5 ಮೀಟರಿಗೆ, ಕುಳಿ ಕೊರೆದು, ಬುಡವನ್ನು ಕಾಂಡದ ಸುಮಾರು ಎರಡೂವರೆ ಪಟ್ಟು ಅಗಲಿಸಿ ಕಾಂಕ್ರೀಟು ತುಂಬುತ್ತಾರೆ. ಮೇಲಿನ ಮಣ್ಣು ಉಬ್ಬಿ ಎಳೆದರೂ ಈ ಗಡ್ಡೆ ಗೂಟವನ್ನು ಹಿಡಿದಿಡುತ್ತದೆ. ಗೂಟಗಳನ್ನು ಕೂಡಿಸುವ ತೊಲೆಯ ಕೆಳಗೆ ನೆಲ ಉಬ್ಬಲು ಜಾಗ ಬಿಡುವುದನ್ನು ಮರೆಯಬಾರದು. ಇನ್ನೊಂದು ಮಾರ್ಗವನ್ನು ಮುಂಬಯಿಯ ಐ.ಐ.ಟಿ.ಯ ಆರ್. ಕೆ. ಕಟ್ಟಿಯವರು ತೋರಿಸಿದರು. ಉಬ್ಬದ, ಆದರೆ ಅಂಟುಗುಣವಿರುವ ಮಣ್ಣಿನ ಪದರವನ್ನು ಎರೆಯ ಮೇಲೆ ಹಾಸಿ ದಮ್ಮಸು ಮಾಡಿದರೆ ಕೆಳಗಿನ ಉಬ್ಬು ಬಹಳ ಮಟ್ಟಿಗೆ ಅಡಗುತ್ತದೆ. ಇವೆರಡಕ್ಕೂ ಮುನ್ನ ಮಾಡಬೇಕಾದ ಸುಲಭ ಕೆಲಸವೊಂದುಂಟು: ಮನೆಯ ಸುತ್ತ ಇಳಿಜಾರಾದ ಗಚ್ಚು ಹಾಕಿ, ಬಚ್ಚಲ ನೀರು ಪಾಯದ ಬಳಿ ಇಂಗದಂತೆ ದೂರ ಸಾಗಿಸುವುದು.

ವಾಚಕರಲ್ಲಿ ಉತ್ಸಾಹಿಗಳು ಮೇಲಿನ ಲೆಕ್ಕವನ್ನು ಅರ್ಧ ಮೀಟರಿನ ಆರು ಘಟಕಗಳಿಂದ ಮತ್ತೊಮ್ಮೆ ಮಾಡಿನೋಡಲಿ. ಕುಸಿತದ ಉತ್ತರ ಸ್ವಲ್ಪ ಮಾತ್ರ ಬದಲಾಗುವುದು. ಆಮೇಲೆ ಘಟಕಗಳನ್ನು ಹಾಗೆಯೇ ಇಟ್ಟು, ತೇವವು ಮೂರನೆಯ ಮೀಟರಿಗೂ ಇಳಿಯಿತೆಂದು ಭಾವಿಸಿ ಉಬ್ಬನ್ನು ಎಣಿಸಲಿ. ಯಾವ ಬದಲಾವಣೆ ದೊಡ್ಡದೆಂಬುದನ್ನು ಕಂಡವರಿಗೆ, ಘಟಕಗಳ ಸಂಖ್ಯೆಗಿಂತ ನೆಲದ ತೇವವನ್ನು ಅರಿಯುವುದು ಏಕೆ ಮುಖ್ಯವೆಂಬುದು ತಾನಾಗಿ ಮನದಟ್ಟಾಗುತ್ತದೆ.