ಗಡಿನಾಡಿನ ಮತವೂ ಮಾತೂ



ಕಳೆದ ಭಾನುವಾರ ನಮ್ಮ ವಾಚನಾಲಯದಲ್ಲಿ ಮಂಜೇಶ್ವರದ ಕಡೆಯ ತರುಣನೊಬ್ಬನು ಪತ್ರಿಕೆಯನ್ನು ಮಡಿಸಿಟ್ಟು, "ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ರಾಜ್ಯ ಕೇರಳ. ಈ ದೆಹಲಿಯಲ್ಲಿ ಯಾವ ನಾಡಿನವನೆಂದು ಕೇಳಿದರೆ ಏನು ಹೇಳಲಿ ಸ್ವಾಮಿ?" ಎಂದನು. ಆಗ ನಾವು ಕೊಟ್ಟ ಉತ್ತರ ಅವನಿಗೆ ಸಾಲದೆ ಹೋಯಿತು. ಆದುದರಿಂದ ಈ ಪಾಠ.

1956ರವರೆಗೆ ಕಾಸರಗೋಡು ತಾಲ್ಲೂಕು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಫಜಲ್ ಅಲಿಯವರು ಅಧ್ಯಕ್ಷರಾಗಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ವರದಿಯಲ್ಲಿ ಅದನ್ನು ಕೇರಳಕ್ಕೆ ಸೇರಿಸಬೇಕೆಂದಿತು. ಇಡೀ ತಾಲ್ಲೂಕನ್ನು ಒಟ್ಟಾಗಿ ಎಣಿಸಿದರೆ ಮಲೆಯಾಳ ಮಾತಿನವರೇ ಹೆಚ್ಚು ಎಂಬುದು ನಿಜ. ಆದರೆ ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಬೇರೆಯಾಗಿ ನೋಡಬೇಕೆಂಬುದು ಕನ್ನಡಿಗರ ವಾದ. ಅದು ನಡೆಯಲಿಲ್ಲ. ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಇವರು ಹೊರಗುಳಿದರು.

ವಿಲೀನದ ಬೇಡಿಕೆಯನ್ನು ಹಿಡಿದು ಕರ್ನಾಟಕ ಸಮಿತಿಯು ಚುನಾವಣೆಗೆ ಇಳಿಯಿತು. 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಅವಿರೋಧವಾಗಿ ಕೇರಳದ ಮೊದಲ ವಿಧಾನ ಸಭೆಗೆ ಆಯ್ಕೆಯಾದರು. 1960ರಲ್ಲಿಯೂ 1967ರಲ್ಲಿಯೂ ಅಲ್ಲಿಂದ ಮಹಾಬಲ ಭಂಡಾರಿಯವರು ಗೆದ್ದರು. 1967ರಲ್ಲಿ ಕಾಸರಗೋಡಿನಿಂದ ಯು. ಪಿ. ಕುಣಿಕುಳ್ಳಾಯರೂ ಗೆದ್ದರು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಚಳುವಳಿಗೆ ದನಿಯಾದರು. ನಿವೃತ್ತ ಮುಖ್ಯ ನ್ಯಾಯಾಧೀಶ ಮೆಹರ್ ಚಂದ್ ಮಹಾಜನರ ಆಯೋಗವು 1967ರಲ್ಲಿ ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಲಿ ಎಂದು ಶಿಫಾರಸು ಮಾಡಿತು. ವರದಿ ಜಾರಿಗೆ ಬರಲಿಲ್ಲ. 1970ರ ಚುನಾವಣೆಯಲ್ಲಿ ಮಂಜೇಶ್ವರ ಕಮ್ಯುನಿಸ್ಟ್ ಪಕ್ಷಕ್ಕೆ ಹೋಯಿತು.

ಹಾಗಾದರೆ ಇಷ್ಟೂ ಮತ ವ್ಯರ್ಥವೆ? ಗಿರಣಿಯಲ್ಲಿ ಲೆಕ್ಕ ಬರೆಯುವ ನಾವು ಖರ್ಚನ್ನು ಮಾತ್ರ ನೋಡಿ ಪುಸ್ತಕ ಮುಚ್ಚುವುದಿಲ್ಲ, ಜಮೆಯನ್ನೂ ನೋಡುತ್ತೇವೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯು, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿಯೇ ಸರ್ಕಾರದೊಡನೆ ಪತ್ರ ವ್ಯವಹಾರ ಮಾಡಲು ಅವಕಾಶವಿತ್ತಿತು. ಸಂವಿಧಾನದ 350ನೆಯ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸಬಹುದು. 350-ಎ ವಿಧಿಯು ಅಲ್ಪಸಂಖ್ಯಾತರ ಮಕ್ಕಳಿಗೆ ತಾಯಿನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ.

ಇಂತಹ ಸಮಸ್ಯೆ ನಮ್ಮದೊಂದೇ ಅಲ್ಲ. ನೆಪೋಲಿಯನ್ ಹುಟ್ಟಿದ ಕಾರ್ಸಿಕಾ ದ್ವೀಪ 1768ರಿಂದ ಫ್ರಾನ್ಸಿನ ಆಳ್ವಿಕೆಗೆ ಬಂತು. ಅಲ್ಲಿನವರಿಗೂ ತಮ್ಮದೇ ನುಡಿಯುಂಟು. 1976ರಿಂದ ಒಂದು ಗುಂಪು ಬಾಂಬು ಹಿಡಿಯಿತು. 2014ರಲ್ಲಿ ಆಯುಧ ಕೆಳಗಿಡುವುದಾಗಿ ಸಾರಿತು. 2015ರಲ್ಲಿ ಸ್ವಾಯತ್ತತೆ ಬೇಡುವ ಜಿಲ್ ಸಿಮಿಯೋನಿಯವರ ಪಕ್ಷವೂ ಸ್ವಾತಂತ್ರ್ಯ ಬೇಡುವ ಪಕ್ಷವೂ ಕೂಡಿ ದ್ವೀಪದ ಚುನಾವಣೆಯನ್ನು ಗೆದ್ದವು. ಸ್ವಾಯತ್ತತೆಯೆಂದರೆ ದೇಶದೊಳಗೇ ಇದ್ದು, ತಮ್ಮ ಕೆಲಸಗಳಿಗೆ ತಾವೇ ಕಾಯಿದೆ ಮಾಡಿಕೊಳ್ಳುವ ಅಧಿಕಾರ. ಆದರೆ ಅದಕ್ಕೆ ಫ್ರಾನ್ಸಿನ ಸಂವಿಧಾನವೇ ತಿದ್ದುಪಡಿಯಾಗಬೇಕು. ಸ್ಥಳೀಯ ಗೆಲುವು ಬಾಗಿಲು ತಟ್ಟುತ್ತದೆ. ಬಾಗಿಲ ಕೀಲಿ ರಾಜಧಾನಿಯಲ್ಲಿರುತ್ತದೆ. ಕಾಸರಗೋಡಿನ ಅನುಭವವೂ ಇದೇ.

ಇದರಿಂದ ನಾವು ತಿಳಿಯತಕ್ಕದ್ದು: ಗಡಿ ಗೆರೆಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲದಿರಬಹುದು, ಬರೆದಿಟ್ಟ ಹಕ್ಕನ್ನು ಬಳಸುವುದು ನಮ್ಮ ಕೈಯಲ್ಲಿದೆ. ಕನ್ನಡದಲ್ಲಿ ಅರ್ಜಿ ಬರೆಯುವವರಿಲ್ಲದಿದ್ದರೆ ಅದನ್ನು ಓದುವ ಗುಮಾಸ್ತನೂ ಬೇಡವಾಗುತ್ತಾನೆ. ಮಕ್ಕಳು ಬಾರದಿದ್ದರೆ ಕನ್ನಡ ತರಗತಿಯೂ ಮುಚ್ಚುತ್ತದೆ. ಇದರಲ್ಲಿ ಮಲೆಯಾಳಿ ನೆರೆಯವರ ಮೇಲೆ ದ್ವೇಷಕ್ಕೆ ಎಡೆಯಿಲ್ಲ. ಅವರ ಭಾಷೆಯನ್ನೂ ಕಲಿಯೋಣ, ನಮ್ಮದನ್ನು ಬಿಡದಿರೋಣ.

ತಮ್ಮಾ, ಯಾರಾದರೂ ಕೇಳಿದರೆ "ಕೇರಳದ ಕನ್ನಡಿಗ" ಎಂದು ತಲೆಯೆತ್ತಿ ಹೇಳು. ಅದರಲ್ಲಿ ಸುಳ್ಳೂ ಇಲ್ಲ, ನಾಚಿಕೆಯೂ ಇಲ್ಲ. ಊರಿನ ಕಚೇರಿಗೆ ಬರೆಯುವುದಿದ್ದರೆ ಭಾನುವಾರ ಬಾ. ಕಾಗದ ನಮ್ಮಲ್ಲಿದೆ, ಕೂಡಿ ಬರೆಯೋಣ.