ಲಾಕ್‌ಡೌನ್ ಕಾಲದ ಸಹಾಯಧನವೂ ಅದಕ್ಕೆ ಬೇಕಾದ ಅರ್ಹತೆಯೂ

ಕೋವಿಡ್ ಸಾಂಕ್ರಾಮಿಕದ ನಿಮಿತ್ತ 2020ನೆಯ ಇಸವಿ ಮಾರ್ಚಿ 25ನೆಯ ತಾರೀಖಿನಿಂದ ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ದೇವಸ್ಥಾನಗಳು ಮುಚ್ಚಿದವು, ಜಾತ್ರೆಗಳು ನಿಂತವು. ಮೈಸೂರಿನ ಸುತ್ತಲ ಹಳ್ಳಿಗಳ ಹೂವಿಗೆ ಗಿರಾಕಿ ಇಲ್ಲದಂತಾಯಿತು. ರಾಗಿ, ಭತ್ತಗಳನ್ನು ಕೂಡಿಟ್ಟು ಕಾಯಬಹುದು. ಬಿಡಿಸಿದ ಹೂವು ಕಾಯಲಾರದು. ಕುವೆಂಪುನಗರವೇ ಮೊದಲಾದ ಬಡಾವಣೆಗಳಿಗೆ ಗಾರೆಕೆಲಸ, ಮನೆಗೆಲಸ, ಆಟೋ ಬಾಡಿಗೆಗಳಿಗಾಗಿ ಹೋಗುತ್ತಿದ್ದ ಹಳ್ಳಿಗರ ಸಂಪಾದನೆಯೂ ನಿಂತಿತು. ಇಂಥವರಿಗೆ ಸರ್ಕಾರದವರು ತಾತ್ಕಾಲಿಕ ಸಹಾಯಧನವನ್ನು ಗೊತ್ತುಮಾಡಿದರು. ಆದರೆ ನಷ್ಟವಾದ ಮಾತ್ರಕ್ಕೆ ಯಾರೂ ಅರ್ಹರಾಗಲಿಲ್ಲ. ತಕ್ಕ ದಾಖಲೆಯಲ್ಲಿ ಹೆಸರಿರಬೇಕಾಗಿತ್ತು. ಊರಿನ ಯಜಮಾನರೂ ಜಮೀನುದಾರರೂ ಮನಸ್ಸಿನಲ್ಲಿಡತಕ್ಕ ಅಂಶವಿದೇ.

1. ಬೆಳೆಗಾರರು.—2020ನೆಯ ಮೇ 6ರಂದು ಪ್ರಕಟವಾದ 1,610 ಕೋಟಿ ರೂಪಾಯಿಗಳ ಏರ್ಪಾಡಿನಲ್ಲಿ ಹೂವಿನ ಬೆಳೆಗೆ ಹೆಕ್ಟೇರಿಗೆ 25,000 ರೂಪಾಯಿ ಗೊತ್ತಾಯಿತು. 2021ರ ಮೇ ತಿಂಗಳಲ್ಲಿ ಈ ದರವು 10,000 ರೂಪಾಯಿ. ಎರಡು ಸಲವೂ ಒಂದು ಹೆಕ್ಟೇರೇ, ಎಂದರೆ ಸುಮಾರು 2 ಎಕರೆ 19 ಗುಂಟೆಯೇ, ಪರಮಾವಧಿ. ಆದಕಾರಣ 2020ರ ದರದಲ್ಲಿ 20 ಗುಂಟೆ ಹೂವಿಗೆ ಸುಮಾರು 5,000 ರೂಪಾಯಿಯಾದರೆ, 5 ಎಕರೆ ಬೆಳೆದವನಿಗೂ 25,000ಕ್ಕಿಂತ ಹೆಚ್ಚು ಸಲ್ಲುತ್ತಿರಲಿಲ್ಲ. ಮುಸುಕಿನ ಜೋಳದ ಬೆಳೆಗಾರರಿಗೆ ತಲಾ 5,000 ರೂಪಾಯಿ ಗೊತ್ತಾದಾಗ 2019ರ ಮುಂಗಾರಿನ ಬೆಳೆ ಸಮೀಕ್ಷೆಯೇ ಆಧಾರವಾಯಿತು.

2. ಪಿಎಂ ಕಿಸಾನ್.—ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಕೊಡುವ ಈ ಯೋಜನೆಯ 2,000 ರೂಪಾಯಿಗಳ ಒಂದು ಕಂತನ್ನು 2020ರ ಏಪ್ರಿಲ್ ಮೊದಲಿನಲ್ಲಿಯೇ ಪಾವತಿ ಮಾಡಲಾಯಿತು. 2019ನೆಯ ಫೆಬ್ರವರಿ 1ರಲ್ಲಿ ಜಮೀನು ಯಾರ ಹೆಸರಿನಲ್ಲಿತ್ತೆಂಬುದೇ ಇದಕ್ಕೆ ಮುಖ್ಯ. ಆಮೇಲೆ ವಾರಸಿನಿಂದ ಬಂದ ಜಮೀನಿಗೆ ಮಾತ್ರ ವಿನಾಯಿತಿಯುಂಟು. ಆದಾಯ ತೆರಿಗೆ ಕೊಡುವವರೂ, ತಿಂಗಳಿಗೆ 10,000 ರೂಪಾಯಿ ಅಥವಾ ಹೆಚ್ಚಿನ ಪಿಂಚಣಿ ಪಡೆಯುವವರೂ (ಕೆಳದರ್ಜೆಯ ನೌಕರರನ್ನು ಬಿಟ್ಟು), ವೃತ್ತಿನಿರತ ವೈದ್ಯರು, ವಕೀಲರು ಮೊದಲಾದವರೂ ಅನರ್ಹರು.

ಒಂದು ದೃಷ್ಟಾಂತ: ಜಮೀನುದಾರನೊಬ್ಬನು ಆದಾಯ ತೆರಿಗೆ ಕೊಡುತ್ತ ಕುವೆಂಪುನಗರದಲ್ಲಿ ನೆಲೆಸಿದ್ದಾನೆ, ಊರಿನ ಹೊಲವನ್ನು ವಾರಕ್ಕೆ ಬೇರೊಬ್ಬನು ಉಳುತ್ತಾನೆ. ಜಮೀನುದಾರನು ತೆರಿಗೆಯ ಕಾರಣದಿಂದ ಅನರ್ಹನು. ಉಳುವವನು ಪಹಣಿಯಲ್ಲಿ ಹೆಸರಿಲ್ಲದ್ದರಿಂದ ಅನರ್ಹನು. 1974ರ ಭೂಸುಧಾರಣಾ ತಿದ್ದುಪಡಿಯ ತರುವಾಯ ಸಾಮಾನ್ಯವಾಗಿ ಗೇಣಿಗೆ ನಿಷೇಧವಿರುವ ಕಾರಣ ಬಾಯಿಮಾತಿನ ವಾರಕ್ಕೆ ದಾಖಲೆ ಹುಟ್ಟುವುದೇ ಇಲ್ಲ. ಬೆವರು ಸುರಿಸಿದವನಿಗೇ ಸಹಾಯವು ತಪ್ಪಿಹೋಗುವ ಬಗೆ ಇದು.

3. ಪಟ್ಟಣದಲ್ಲಿ ದುಡಿಯುವವರು.—ಕಟ್ಟಡ ಕಾರ್ಮಿಕರಿಗೆ 2020ರಲ್ಲಿ ಎರಡು ಸಲ ಸೇರಿ 5,000, 2021ರಲ್ಲಿ 3,000 ರೂಪಾಯಿ ಗೊತ್ತಾಯಿತು. ಆದರೆ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾದವರಿಗೆ ಮಾತ್ರ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ನೋಂದಣಿಗೆ ಅರ್ಹರು. ಆಟೋ, ಟ್ಯಾಕ್ಸಿ ಚಾಲಕರಿಗೆ ಮೊದಲ ವರ್ಷ 5,000, ಮರುವರ್ಷ 3,000 ರೂಪಾಯಿ. ಇದಕ್ಕೆ ಚಾಲ್ತಿಯಲ್ಲಿರುವ ಲೈಸೆನ್ಸು ಬೇಕಾಗಿತ್ತು.

ಯಜಮಾನರು ಮಾಡತಕ್ಕ ಕೆಲಸ.—ಸಂಕಟ ಬಂದ ಮೇಲೆ ದಾಖಲೆ ಹುಡುಕುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ತೀರಿಕೊಂಡ ತಂದೆ ತಾತಂದಿರ ಹೆಸರಿನಲ್ಲಿ ನಿಂತಿರುವ ಖಾತೆಗಳನ್ನು ಪೌತಿ ಮೂಲಕ ವಾರಸುದಾರರ ಹೆಸರಿಗೆ ಮಾಡಿಸತಕ್ಕದ್ದು. ಪ್ರತಿ ಹಂಗಾಮಿನಲ್ಲಿಯೂ ಬೆಳೆ ಸಮೀಕ್ಷೆಯಲ್ಲಿ ಇದ್ದ ಬೆಳೆಯೇ ದಾಖಲಾಗಿದೆಯೇ ಎಂದು ನೋಡತಕ್ಕದ್ದು. ರೈತರೇ ಮೊಬೈಲಿನಿಂದ ದಾಖಲಿಸುವ ಕ್ರಮವು 2020ರ ಮುಂಗಾರಿನಲ್ಲಿ ಆರಂಭವಾಯಿತು. ಬ್ಯಾಂಕಿನ ಲೆಕ್ಕಕ್ಕೆ ಆಧಾರ್ ಜೋಡಣೆಯಾಗಿರಬೇಕು. ಗಾರೆಕೆಲಸದವರ ನೋಂದಣಿಯು ಮುಗಿದುಹೋಗದಂತೆ ಎಚ್ಚರಿಸಬೇಕು.

ವಾರದವನು ಬೆಳೆದ ಬೆಳೆಗೆ ಜಮೀನುದಾರನ ಲೆಕ್ಕಕ್ಕೆ ಪರಿಹಾರ ಬಂದಲ್ಲಿ, ನಷ್ಟವನ್ನು ಹೊತ್ತವನಿಗೆ ಅದನ್ನು ಮುಟ್ಟಿಸುವುದು ನ್ಯಾಯ. ಕಾಗದದಲ್ಲಿಲ್ಲದ ಹೆಸರನ್ನು ಸರ್ಕಾರವು ಕಾಣಲಾರದು; ಪಕ್ಕದ ಮನೆಯ ಯಜಮಾನನು ಕಾಣಬಲ್ಲನು.